ನ್ಯೂಪೋರ್ಟ್ ದಾರಿಯಲ್ಲಿ ಅಪ್ಪ ಕೇಳಿದ ಎಲಿಂಗ್ಟನ್

ಅಮೆರಿಕದ ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ತಂಡ ನ್ಯೂಪೋರ್ಟ್ ಊರಿನ ಜಾಝ್ ಹಬ್ಬದಲ್ಲಿ ಬಾರಿಸಿದ ರೆಕಾರ್ಡಿಂಗ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಜನರ ಕೂಗು. 1956ರ ಜುಲೈ 7ರ ರಾತ್ರಿ ಅಲ್ಲಿ ಕೂತಿದ್ದವರು ಆ ಸಂಗೀತವನ್ನು ಹೇಗೆ ಕೇಳಿದರು ಅನ್ನೋದು ಟೇಪಿನಲ್ಲಿ ಹಾಗೇ ಉಳಿದಿದೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಧಾರವಾಡದಿಂದ ಬಾಸ್ಟನ್‌ಗೆ, ನನ್ನ ಮನೆಗೆ ಬಂದಿದ್ದರು. ಕುಂದಗೋಳದಲ್ಲಿ ಬೆಳಗಾಗುವವರೆಗೆ ಕೂತು ಗಾಯನ ಕೇಳಿದವರು. ಜಾಝ್ ಕೇಳಿದವರಲ್ಲ. ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ನ್ಯೂಪೋರ್ಟ್‌ಗೆ ಹೊರಟೆ. ಕಾರಿನಲ್ಲಿ ಇದೇ ರೆಕಾರ್ಡಿಂಗ್ ಹಾಕಿದೆ.

ಎಲಿಂಗ್ಟನ್ 1937ರಲ್ಲಿ ಬರೆದ ಎರಡು ಬ್ಲೂಸ್ ರಚನೆಗಳು, 'ಡಿಮಿನ್ಯುಎಂಡೊ ಇನ್ ಬ್ಲೂ' ಮತ್ತು 'ಕ್ರೆಸೆಂಡೊ ಇನ್ ಬ್ಲೂ'. ಅವೆರಡರ ನಡುವೆ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೊಫೋನ್ ಬಾರಿಸುತ್ತಾರೆ. 12 ಬಾರ್‌ಗಳ ಒಂದು ಸುತ್ತು. ಒಂದೊಂದು ಬಾರ್‌ಗೆ 4 ಪೆಟ್ಟು. ಅಂಥ 27 ಸುತ್ತು, ಒಂದೇ ಸಮನೆ. ಆರು ನಿಮಿಷಕ್ಕೂ ಜಾಸ್ತಿ. ಹಿಂದೆ ಹೆಚ್ಚು ಹೊತ್ತು ಬರೀ ಬೇಸ್ ಮತ್ತು ಡ್ರಮ್. ಎಲಿಂಗ್ಟನ್ ಆಗಾಗ ಪಿಯಾನೊ ಮುಟ್ಟುತ್ತಾರೆ, ಕೂಗಿ ಹುರಿದುಂಬಿಸುತ್ತಾರೆ.

ಅಪ್ಪ ಮೊದಲು ಕಿಟಕಿಯಾಚೆ ನೋಡುತ್ತಿದ್ದರು. ಮೂರ್ನಾಲ್ಕು ಸುತ್ತು ಆಗೋದ್ರೊಳಗೆ ಅವರ ಬಲಗೈ ತೊಡೆಯ ಮೇಲೆ ಲೆಕ್ಕ ಹಿಡಿಯಿತು. ಕಿರುಬೆರಳಿನಿಂದ ಶುರುಮಾಡಿ ಬೆರಳು ಮಡಚುತ್ತಾ, ಸುತ್ತು ಮುಗಿದು ಹೊಸದು ಶುರುವಾಗುವ ಕಡೆ ಅಂಗೈ ತಟ್ಟಿದರು. ಸರಿಯಾಗಿ ಸಮದ ಮೇಲೆ, ಅಂದರೆ ಸುತ್ತಿನ ಮೊದಲ ಪೆಟ್ಟಿನ ಮೇಲೆ! ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಆರೇಳು ಸುತ್ತು ಆದ ಮೇಲೆ ಜನ ಬದಲಾಗುತ್ತಾರೆ. ಕಪ್ಪು ಉಡುಪಿನ ಹೆಣ್ಣುಮಗಳೊಬ್ಬಳು ತನ್ನ ಜಾಗದಿಂದ ಎದ್ದು ಕುಣಿಯತೊಡಗಿದಳಂತೆ. ಅವಳನ್ನು ನೋಡಿ ಉಳಿದವರೂ ಎದ್ದರು. ವೇದಿಕೆಯ ಪಕ್ಕದಲ್ಲಿ ಇನ್ನೊಬ್ಬ ದೊಡ್ಡ ಡ್ರಮ್ಮರ್ ಜೋ ಜೋನ್ಸ್, ಸುತ್ತಿದ ಪತ್ರಿಕೆಯಿಂದ ತಾಳ ಬಡಿಯುತ್ತಿದ್ದರು. ಇದ್ಯಾವುದೂ ಕಣ್ಣಿಗೆ ಕಾಣಲ್ಲ, ಆದರೆ ಚಪ್ಪಾಳೆ ಒಂದು ಕಡೆಯಿಂದ ಹುಟ್ಟಿ ಇಡೀ ಮೈದಾನಕ್ಕೆ ಹರಡೋದು ಕಿವಿಗೆ ಸ್ಪಷ್ಟ.

"ತಡಿ, ತಡಿ. ಯಾರೋ ಒಬ್ರು ಕೂಗಿದ್ರಲ್ಲ, ಅಲ್ಲಿಂದ ಮತ್ತ ಹಚ್ಚು," ಅಂದರು ಅಪ್ಪ. ಮತ್ತೆ ಹಚ್ಚಿದೆ. ಪೂರ್ತಿ ಕೇಳಿ, "ಬಾರಿಸಾಂವ ಒಬ್ಬನ ಇದ್ರೂ ಎಲ್ಲಾರೂ ಕೂಡಿ ಏರಸಾಕತ್ತಾರ," ಅಂದರು. ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಇಷ್ಟು ಚೆನ್ನಾಗಿ ಹೇಳೋಕೆ ನನಗೆ ಆಗಿರಲಿಲ್ಲ.

ಆ ಹಬ್ಬ ನಡೆದದ್ದು ಫ್ರೀಬಾಡಿ ಪಾರ್ಕ್‌ನಲ್ಲಿ. ಅಪ್ಪ ಒಂದು ಸುತ್ತು ನಡೆದು, ಜನ ಎಲ್ಲಿ ಕೂತಿರಬಹುದು ಅಂತ ಅಂದಾಜು ಮಾಡಿದರು. ಅಲ್ಲೇ ಅವರಿಗೆ ಟೇಪಿನ ಕಥೆ ಹೇಳಿದೆ. ಗೊನ್ಸಾಲ್ವೆಸ್ ಆ ರಾತ್ರಿ, ಎಲ್‌ಪಿಗಾಗಿ ರೆಕಾರ್ಡ್ ಮಾಡುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕ್ ಬಿಟ್ಟು, ವಾಯ್ಸ್ ಆಫ್ ಅಮೆರಿಕಾ ರೇಡಿಯೋದ ಮೈಕ್ ಮುಂದೆ ನಿಂತು ಬಾರಿಸಿದ್ದರು. ಅದಕ್ಕೇ ಹಳೆಯ ಎಲ್‌ಪಿಯಲ್ಲಿ ಅವರ ಸ್ಯಾಕ್ಸ್ ದೂರದಿಂದ ಬಂದಂತೆ ಕೇಳುತ್ತದೆ. ಆ ಎಲ್‌ಪಿಯ ಎಷ್ಟೋ ಭಾಗವನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಬಾರಿಸಿ, ಮೇಲೆ ಚಪ್ಪಾಳೆ ಅಂಟಿಸಿದ್ದರು.

ಅಪ್ಪನ ಮುಖ ಸಪ್ಪಗಾಯಿತು. "ಆ ಕೂಗೂ ಹಂಗೇನು?"

ಇಲ್ಲ, ಅದು ಆ ರಾತ್ರಿಯದ್ದೇ. ರೇಡಿಯೋದ ಟೇಪ್ ಕೊನೆಗೂ ಸಿಕ್ಕಿ, ಅದನ್ನೂ ಕೊಲಂಬಿಯಾದ ಟೇಪನ್ನೂ ಜೋಡಿಸಿ 1999ರಲ್ಲಿ ಪೂರ್ತಿ ಕಾರ್ಯಕ್ರಮ ಹೊರಬಂತು. ನಾವು ದಾರಿಯಲ್ಲಿ ಕೇಳಿದ್ದು ಅದನ್ನೇ. ಹೊಸಬರು ಯಾರೇ ಕೇಳಿದರೂ ನಾನು ಅದನ್ನೇ ಕೊಡೋದು.

ವಾಪಸ್ ಬರುವಾಗ ಮುಂದಿನದ್ದು ಹಾಕಿದೆ. ಜನರ ಆವೇಶ ನೋಡಿ ಸಂಘಟಕರಿಗೆ ಗಲಾಟೆಯ ಭಯ ಹುಟ್ಟಿತ್ತು, ನಿಲ್ಲಿಸಿ ಅಂದರು. ಎಲಿಂಗ್ಟನ್ ನಿಲ್ಲಿಸಲಿಲ್ಲ. ತಂಡದ ಜಾನಿ ಹಾಡ್ಜಸ್ ಅವರನ್ನು ಮುಂದೆ ಕರೆದರು. ಆಲ್ಟೊ ಸ್ಯಾಕ್ಸ್‌ನಲ್ಲಿ ನಿಧಾನವಾದ ಒಂದು ಪ್ರೇಮಗೀತೆ. ಸ್ವರದಿಂದ ಸ್ವರಕ್ಕೆ ಜಾರುವ ಅವರ ಮೀಂಡ್ ಕೇಳಿ ಅಪ್ಪ "ಆಹಾ" ಅಂದರು. "ದೊಡ್ಡ ಖ್ಯಾಲ್ ಆದಮ್ಯಾಲೆ ಠುಮ್ರಿ ಹಾಡಿದ್ಹಂಗ ಆತು."

ಫಾಲ್ ರಿವರ್ ದಾಟುವವರೆಗೂ ಹಾಡ್ಜಸ್ ಮಾತೇ. 1928ರಲ್ಲಿ ತಂಡ ಸೇರಿದ್ದು, 1951ರಲ್ಲಿ ಬಿಟ್ಟು ಹೋಗಿದ್ದು, ಈ ಕಾರ್ಯಕ್ರಮದ ಹಿಂದಿನ ವರ್ಷವಷ್ಟೇ ಮರಳಿ ಬಂದಿದ್ದು, ಎಲ್ಲಾ ಹೇಳಿದೆ. "ಬಿಟ್ಟು ಹೋದಾಂವನ್ನ ಮತ್ತ ಕರಕೊಂಡ್ರಲ್ಲ, ದೊಡ್ಡ ಮನಷ್ಯಾ ಎಲಿಂಗ್ಟನ್," ಅಂದು ಅಪ್ಪ ಆ ಪ್ರೇಮಗೀತೆಯನ್ನೇ ಇನ್ನೊಮ್ಮೆ ಹಚ್ಚಿಸಿದರು.