ಡೈ ಬಿಟ್ಟ ಮೇಲೆ

ಬೈತಲೆಯಿಂದ ಕಿವಿವರೆಗೂ ಈಗ ಪೂರ್ತಿ ಬಿಳಿ. ಅದರ ಕೆಳಗೆ ಹಳೇ ಡೈ, ಕಂದು ತಿರುಗಿ ಒರಟಾಗಿದೆ. ನಡುವಿನ ಗೆರೆ ಎದ್ದು ಕಾಣುತ್ತೆ. ಕೂದಲು ತಿಂಗಳಿಗೆ ಬೆಳೆಯೋದೇ ಹೆಚ್ಚೂಕಮ್ಮಿ 1 ಸೆಂಟಿಮೀಟರ್. ಮೊಣಕಾಲುದ್ದ ಜಡೆ ಇರೋರಿಗೆ ವರ್ಷಗಳೇ ಬೇಕು. ನಾನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡೆ.

ಬಿಟ್ಟಿದ್ದು ತುರಿಕೆ ತಡೀಲಾರದೆ. ಡೈ ಹಚ್ಚಿದ ಮಾರನೇ ದಿನ ಹಣೆಯಂಚು ಕೆಂಪಾಗಿ ಊದಿಕೊಳ್ಳೋದು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನೋ ರಾಸಾಯನಿಕ ಇರುತ್ತೆ, ಕೆಲವರ ಚರ್ಮಕ್ಕೆ ಅದು ಆಗಿಬರಲ್ಲ. ‘ಕಪ್ಪು ಮೆಹಂದಿ’ ಅಂತ ಮಾರೋದರಲ್ಲೂ ಇರಬಹುದು, ದಯವಿಟ್ಟು ಪ್ಯಾಕೆಟ್ ಹಿಂದುಗಡೆ ಓದಿ.

ದೇವರಾಜ ಮಾರ್ಕೆಟ್ಟಲ್ಲಿ ಮಲ್ಲಿಗೆ ಅಳೆಯುತ್ತಾ ಹೂವಿನ ಅಜ್ಜಿ, “ಯಾಕವ್ವಾ, ಮೈ ಉಸಾರಿಲ್ವಾ?” ಅಂದರು. ಅಕ್ಕರೆಯಿಂದಲೇ ಕೇಳಿದ್ದು. ಆದರೂ ನನಗೆ ಬೇಜಾರಾಯಿತು. ನಮ್ಮೆಜಮಾನರ ತಲೆ ನನಗಿಂತ ಮೊದಲೇ ನರೆತಿತ್ತು, ಅವರನ್ನ ಯಾರೂ ಹೀಗೆ ಕೇಳಲಿಲ್ಲ. ನಮ್ಮಮ್ಮ ಕೊನೇ ತನಕ ಬಾಗಿಲು ಹಾಕಿಕೊಂಡೇ ಬಣ್ಣ ಹಚ್ಚಿಕೊಂಡರು; ಅವರ ನಿಜವಾದ ಕೂದಲು ಹೇಗಿತ್ತೋ ನಾನು ನೋಡಲೇ ಇಲ್ಲ. ಅದೊಂದು ಸಂಕಟ ಈಗೀಗ ಜಾಸ್ತಿ.

ಮುಂದಿನ ವಾರ ನಂಜನಗೂಡಲ್ಲಿ ತಂಗಿ ಮಗನ ಮದುವೆ. “ಫೋಟೋಗಾದರೂ ಒಂದು ಸಲ ಹಚ್ಕೊಳೇ ಅಕ್ಕ” ಅಂತಿದಾಳೆ ತಂಗಿ. ಇಲ್ಲ ಅಂದಿದೀನಿ. ಮೆರೂನ್ ಸೀರೆ ತೆಗೆದಿಟ್ಟಿದೀನಿ, ಕನಕಾಂಬರಕ್ಕೂ ಹೇಳಿಯಾಗಿದೆ.