ಡಾಕಾರ್‌ನ ಜೋಪ್ ಮತ್ತು ಒಂದು ಒತ್ತಕ್ಷರ

ಸೆನೆಗಲ್‌ಗೆ ಬಂದ ಕನ್ನಡಿಗರು ಮೊದಲು ಎಡವುವುದು ಹೆಸರುಗಳಲ್ಲಿ. ಡಾಕಾರ್ ವಿಶ್ವವಿದ್ಯಾಲಯದ ಫಲಕದಲ್ಲಿರುವ ಹೆಸರನ್ನು ‘ಶೇಖ್ ಅಂತಾ ಡಿಯೋಪ್’ ಎಂದು ಓದಿಬಿಡುತ್ತೇವೆ. ಅದು ಫ್ರೆಂಚರ ಕಾಗುಣಿತ. ಸೆನೆಗಲ್‌ನ ವೊಲೋಫ್ ಭಾಷೆಯವರ ಬಾಯಲ್ಲಿ ಈ ಇತಿಹಾಸಕಾರರು ಜೋಪ್. ‘ಡಿ’ ಮುಂದೆ ಇನ್ನೊಂದು ಸ್ವರ ಬಂದರೆ ಜ, ‘ಥಿ’ ಮುಂದೆ ಬಂದರೆ ಚ. ಇದು ಗೊತ್ತಿದ್ದರೆ ಅವರ ಹುಟ್ಟೂರು ಚೈತುವಿಗೆ ದಾರಿ ಕೇಳುವುದೂ ಸುಲಭ.

ಜೋಪ್ ಹುಟ್ಟಿದ್ದು 1923ರಲ್ಲಿ. 1946ರಲ್ಲಿ ಪ್ಯಾರಿಸ್‌ಗೆ ಹೋಗಿ ಭೌತವಿಜ್ಞಾನ, ಇತಿಹಾಸ ಎರಡನ್ನೂ ಓದಿದರು. ಪ್ರಾಚೀನ ಈಜಿಪ್ಟ್ ಕಪ್ಪು ಆಫ್ರಿಕನ್ನರ ನಾಗರಿಕತೆ ಎಂಬ ವಾದವನ್ನು 1954ರ ಪುಸ್ತಕದಲ್ಲಿ ಮಂಡಿಸಿ, 1974ರಲ್ಲಿ ಯುನೆಸ್ಕೊದ ಕೈರೋ ಸಭೆಯಲ್ಲೂ ಸಮರ್ಥಿಸಿದರು. ಹಲವು ತಜ್ಞರು ಒಪ್ಪಲಿಲ್ಲ, ಇಂದಿಗೂ ಒಪ್ಪಿಲ್ಲ. ಆದರೆ ಆಫ್ರಿಕಾದ ಇತಿಹಾಸವನ್ನು ಆಫ್ರಿಕನ್ನರೇ ಪುರಾವೆ ಹಿಡಿದು ಬರೆಯಬೇಕೆಂಬ ಹಟ ಅಲ್ಲಿಂದ ಗಟ್ಟಿಯಾಯಿತು.

ಆ ಪುರಾವೆಗಾಗಿಯೇ ಡಾಕಾರ್‌ನಲ್ಲಿ, ಹಳೆಯ ವಸ್ತುಗಳ ವಯಸ್ಸು ಅಳೆಯುವ ಇಂಗಾಲ-14 ಪ್ರಯೋಗಾಲಯ ಕಟ್ಟಿದರು. ಅಗೆತದಲ್ಲಿ ಸಿಕ್ಕ ಇದ್ದಿಲನ್ನು ನೇರವಾಗಿ ಅಳೆಯಲಾಗದು. ಬೇರಿನ ಎಳೆಗಳನ್ನು ಹೆಕ್ಕಿ, ಸುಣ್ಣದ ಅಂಶ ಹೋಗಲು ಆಮ್ಲದಲ್ಲಿ, ಮಣ್ಣಿನ ಸಾವಯವ ಕಲ್ಮಶ ಹೋಗಲು ಕ್ಷಾರದಲ್ಲಿ, ಮತ್ತೆ ಆಮ್ಲದಲ್ಲಿ ತೊಳೆಯಬೇಕು. ಇಂಗಾಲ-14 ಅರ್ಧದಷ್ಟು ಕರಗಲು ಸುಮಾರು 5,730 ವರ್ಷ ಬೇಕು, ಹಾಗಾಗಿ ಹಳೆಯ ಮಾದರಿಯಲ್ಲಿ ಉಳಿದಿರುವುದೇ ಅತ್ಯಲ್ಪ. 17,000 ವರ್ಷ ಹಳೆಯ ಇದ್ದಿಲಿನಲ್ಲಿ ಶೇ. 1ರಷ್ಟು ಇಂದಿನ ಇಂಗಾಲ ಸೇರಿದರೂ ಲೆಕ್ಕ 500 ವರ್ಷಕ್ಕೂ ಹೆಚ್ಚು ತಪ್ಪುತ್ತದೆ.

ರಾಜಕೀಯದಲ್ಲಿ ಅವರದು ದೇಶದ ಅಧ್ಯಕ್ಷ ಸೆಂಘೋರ್ ಅವರಿಗೆ ವಿರೋಧ ಪಕ್ಷ. 1961ರಿಂದ ಕಟ್ಟಿದ ಪಕ್ಷಗಳು ಉಳಿಯಲಿಲ್ಲ, 1962ರಲ್ಲಿ ಜೈಲೂ ಆಯಿತು. 1976ರಲ್ಲಿ ಕಟ್ಟಿದ ಆರ್‌ಎನ್‌ಡಿ ಪಕ್ಷಕ್ಕೆ ಮಾನ್ಯತೆ ಸಿಕ್ಕಿದ್ದು 1981ರಲ್ಲಿ. ನಡುವೆ ನಡೆದದ್ದು ಕನ್ನಡಿಗರು ತಿಳಿಯಲೇಬೇಕಾದ ಜಗಳ. ಪಕ್ಷದ ಪತ್ರಿಕೆಯ ಹೆಸರು ‘ಸಿಗ್ಗಿ’, ಅಂದರೆ ತಲೆ ಎತ್ತು. ಫ್ರೆಂಚ್ ವ್ಯಾಕರಣ ಪಂಡಿತರಾದ ಅಧ್ಯಕ್ಷ ಸೆಂಘೋರ್ ಹೊರಡಿಸಿದ ಕಾಗುಣಿತದ ಕಾನೂನಿನಂತೆ ಅಲ್ಲಿ ಒಂದೇ ‘ಗ’ ಇರಬೇಕು! ವೊಲೋಫ್‌ನಲ್ಲಿ ಒತ್ತು ಬಿಟ್ಟರೆ ಅರ್ಥವೇ ಕೆಡುತ್ತದೆ: ‘ಗೆಮ್’ ಎಂದರೆ ನಂಬು, ‘ಗೆಮ್ಮ್’ ಎಂದರೆ ಕಣ್ಣು ಮುಚ್ಚು. ನಮ್ಮ ಬಲೆ, ಬಲ್ಲೆ ಇದ್ದಂತೆ. ಸಾಪೇಕ್ಷ ಸಿದ್ಧಾಂತದ ವಿವರಣೆಯನ್ನೇ ವೊಲೋಫ್‌ಗೆ ತಂದಿದ್ದ ಜೋಪ್ ಒತ್ತು ಬಿಡಲು ಒಪ್ಪಲಿಲ್ಲ. ಪತ್ರಿಕೆಯ ಹೆಸರನ್ನೇ ‘ತಖವ್’, ಎದ್ದು ನಿಲ್ಲು, ಎಂದು ಬದಲಿಸಿದರು.

1983ರಲ್ಲಿ ಗೆದ್ದರೂ, ಚುನಾವಣೆಯಲ್ಲಿ ಅಕ್ರಮ ನಡೆದಿದೆಯೆಂದು ಸಂಸತ್ತಿಗೆ ಕಾಲಿಡಲಿಲ್ಲ. 1986ರ ಫೆಬ್ರವರಿ 7ರಂದು ತೀರಿಕೊಂಡರು. ಸಮಾಧಿ ಚೈತುವಿನಲ್ಲಿದೆ. ಮರುವರ್ಷವೇ ವಿಶ್ವವಿದ್ಯಾಲಯಕ್ಕೆ ಅವರ ಹೆಸರು ಬಂತು. ಇಂದಿನ ಅಧಿಕೃತ ವೊಲೋಫ್ ಕಾಗುಣಿತದಲ್ಲಿ ‘ಸಿಗ್ಗಿ’ಗೆ ಎರಡು ‘ಗ’.