ಸಿಎ, ಸಿಪಿಎ, ಎಸಿಸಿಎ, ಸಿಎಂಎ: ಯಾವುದನ್ನು ಓದಲಿ?

"ಮೇಡಂ, ಸಿಎ ಮಾಡಲೋ, ಎಸಿಸಿಎ ಮಾಡಲೋ? ಯಾವುದು ಬೇಗ ಮುಗಿಯುತ್ತದೆ?"

ಲೆಕ್ಕಪತ್ರದ ವೃತ್ತಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಈ ಪ್ರಶ್ನೆ ಕಿವಿಗೆ ಬೀಳದ ತಿಂಗಳೇ ಇಲ್ಲ. ಪದವಿ ಮುಗಿಸಿದವರು ಕೇಳುತ್ತಾರೆ, ಅವರ ಅಪ್ಪ ಅಮ್ಮ ಕೇಳುತ್ತಾರೆ, ಹತ್ತು ಹದಿನೈದು ವರ್ಷ ಲೆಕ್ಕ ಬರೆದು ಕೈ ಪಳಗಿದವರೂ ಕೇಳುತ್ತಾರೆ. ಫೋನಿನಲ್ಲಿ ಐದು ನಿಮಿಷ ಮಾತನಾಡಿ ಮುಗಿಸುವ ಉತ್ತರ ಇದಲ್ಲ. ತಮಗೆ ಒಗ್ಗದ ದಾರಿ ಹಿಡಿದು ನಾಲ್ಕೈದು ವರ್ಷ ಕಳೆದುಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಒಮ್ಮೆ ಕುಳಿತು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಸಿಎ ಎಂದರೆ ಚಾರ್ಟರ್ಡ್ ಅಕೌಂಟೆಂಟ್, ಎಸಿಸಿಎ ಬ್ರಿಟನ್ ಮೂಲದ ಲೆಕ್ಕಿಗರ ಸಂಸ್ಥೆಯ ಅರ್ಹತೆ, ಸಿಪಿಎ ಅಮೆರಿಕ ಮುಂತಾದ ದೇಶಗಳ ಲೆಕ್ಕಿಗರ ಅರ್ಹತೆ, ಸಿಎಂಎ ವೆಚ್ಚ ಮತ್ತು ನಿರ್ವಹಣೆಯ ಲೆಕ್ಕದ್ದು.

ಬೇಗ ಮುಗಿಯುವುದು ಯಾವುದು ಎನ್ನುವುದಕ್ಕಿಂತ ಮೊದಲು ನಾನು ಕೇಳುವುದು ಇಷ್ಟು: ನೀವು ಯಾವ ಕಾಗದಕ್ಕೆ, ಯಾವ ದೇಶದಲ್ಲಿ ಸಹಿ ಹಾಕಬೇಕೆಂದಿದ್ದೀರಿ?

ಬಿ.ಕಾಂ. ಪದವಿಗೂ ಈ ಅಕ್ಷರಗಳಿಗೂ ಇರುವ ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ. ಪದವಿ ಒಮ್ಮೆ ಸಿಕ್ಕರೆ ಜೀವಮಾನವಿಡೀ ನಿಮ್ಮದು. ಸಿಎ, ಸಿಪಿಎ ಇತ್ಯಾದಿಗಳು ಪದವಿಗಳಲ್ಲ. ಅವು ಒಂದು ಸಂಸ್ಥೆಯ ಸದಸ್ಯತ್ವ, ಇಲ್ಲವೇ ಸರ್ಕಾರ ಕೊಡುವ ಪರವಾನಗಿ. ನಡತೆ ಕೆಟ್ಟರೆ ಅವನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಕೊಟ್ಟವರಿಗೆ ಇದೆ. ಭಾರತದ ಒಂದು ಕಂಪನಿಯ ಆಡಿಟ್ ವರದಿಯ ಕೊನೆಯ ಪುಟವನ್ನು ಬಿಡಿಸಿ ನೋಡಿ. ಆಡಿಟ್ ಮಾಡಿದ ಸಂಸ್ಥೆಯ ಹೆಸರು, ಅದರ ನೋಂದಣಿ ಸಂಖ್ಯೆ, ಸಹಿ ಹಾಕಿದವರ ಹೆಸರು, ಸದಸ್ಯತ್ವ ಸಂಖ್ಯೆ, ಸ್ಥಳ, ದಿನಾಂಕ, ಅದರ ಜೊತೆಗೆ ಅಂಕಿ ಅಕ್ಷರಗಳು ಸೇರಿ 18 ಸ್ಥಾನಗಳ ಯುಡಿಐಎನ್, ಅಂದರೆ ಆ ದಾಖಲೆಗೇ ಕೊಟ್ಟ ಗುರುತಿನ ಸಂಖ್ಯೆ. ಈ ಕೊನೆಯ ಸಂಖ್ಯೆ 2019ರಿಂದ ಕಡ್ಡಾಯವಾಗಿದೆ. ಸಹಿ ಅಸಲಿಯೇ ನಕಲಿಯೇ ಎಂದು ಯಾರು ಬೇಕಾದರೂ ಅದರಿಂದ ಪರಿಶೀಲಿಸಬಹುದು. ಬ್ಯಾಂಕು ಸಾಲ ಕೊಡುವುದು, ಹೂಡಿಕೆದಾರ ಹಣ ಹಾಕುವುದು ಆ ಪುಟವನ್ನು ನಂಬಿ. ಓದು, ಪರೀಕ್ಷೆ, ತರಬೇತಿ ಎಲ್ಲವೂ ಆ ಒಂದು ಸಹಿಗಾಗಿ ನಡೆಯುವ ಸಿದ್ಧತೆ.

ಆ ಸಹಿಗೆ ದೇಶದ ಗಡಿ ಇದೆ. ಭಾರತದಲ್ಲಿ ಕಂಪನಿಯ ಶಾಸನಬದ್ಧ ಲೆಕ್ಕಪರಿಶೋಧನೆಗೆ ಸಹಿ ಹಾಕುವ ಹಕ್ಕು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ವೃತ್ತಿ ನಡೆಸುವವರಿಗೆ ಮಾತ್ರ. ಎಸಿಸಿಎ ಮುಗಿಸಿದವರು ಎಷ್ಟೇ ಜಾಣರಿದ್ದರೂ ಇಲ್ಲಿ ಆ ಸಹಿ ಹಾಕಲಾಗದು. ಬ್ರಿಟನ್ನಿನಲ್ಲಿ ಅದೇ ಎಸಿಸಿಎ ಸದಸ್ಯರು ಹೆಚ್ಚುವರಿ ಆಡಿಟ್ ಅರ್ಹತೆ ಪಡೆದರೆ ಹಾಕಬಹುದು. ಅಮೆರಿಕದಲ್ಲಿ ಸಿಪಿಎ ಪರವಾನಗಿ ಕೊಡುವುದು ಒಂದೊಂದು ರಾಜ್ಯದ ಮಂಡಳಿ. ಇದನ್ನು ತಿಳಿಯದೆ, ಅಂತರರಾಷ್ಟ್ರೀಯ ಮಾನ್ಯತೆ ಎಂಬ ಜಾಹೀರಾತಿನ ಒಂದೇ ಮಾತಿಗೆ ಶುಲ್ಕ ಕಟ್ಟಿದವರು ನನ್ನೆದುರು ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತದ್ದುಂಟು. ಮಾನ್ಯತೆ ಸುಳ್ಳಲ್ಲ. ಆದರೆ ಉದ್ಯೋಗಕ್ಕೆ ಸಿಗುವ ಮಾನ್ಯತೆ ಬೇರೆ, ಸಹಿಗೆ ಸಿಗುವ ಹಕ್ಕು ಬೇರೆ.

ಒಂದೇ ಅಕ್ಷರಗಳನ್ನು ಬೇರೆ ಬೇರೆ ಸಂಸ್ಥೆಗಳು ಬಳಸುವುದು ಇನ್ನೊಂದು ಗೋಜಲು. ಭಾರತದ ಸಿಎಂಎ ಎಂದರೆ 1959ರ ಕಾಯ್ದೆಯಡಿ ಬಂದ ವೆಚ್ಚ ಲೆಕ್ಕಿಗರು. ಕಾಸ್ಟ್ ಆಡಿಟ್‌ಗೆ ಸಹಿ ಹಾಕುವ ಹಕ್ಕು ಅವರದು, ಅಂದರೆ ಕಂಪನಿಯ ಉತ್ಪಾದನಾ ವೆಚ್ಚದ ಲೆಕ್ಕವನ್ನು ಪರಿಶೀಲಿಸಿದ ವರದಿಗೆ. ಅಮೆರಿಕದ ಐಎಂಎ ಸಂಸ್ಥೆ ಕೊಡುವ ಸಿಎಂಎ ಬೇರೆಯೇ. ಕಂಪನಿಯ ಒಳಗೆ ಕುಳಿತು ಬಜೆಟ್, ವೆಚ್ಚ, ಹೂಡಿಕೆಯ ನಿರ್ಧಾರಗಳನ್ನು ನೋಡಿಕೊಳ್ಳುವವರಿಗೆ ಅದು ಒಳ್ಳೆಯ ಅರ್ಹತೆ, ಆದರೆ ಭಾರತದ ಕಾಸ್ಟ್ ಆಡಿಟ್‌ಗೂ ಅದಕ್ಕೂ ಸಂಬಂಧವಿಲ್ಲ. ಸಿಪಿಎ ಎಂಬ ಮೂರಕ್ಷರ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮೂರರಲ್ಲೂ ಇದೆ, ಮೂರೂ ಬೇರೆ ಬೇರೆ. ಕೆನಡಾದಲ್ಲಿ ಸಿಎ, ಸಿಜಿಎ, ಸಿಎಂಎ ಎಂಬ ಮೂರು ಹಳೆಯ ಬಿರುದುಗಳನ್ನು ಕಳೆದ ದಶಕದಲ್ಲಿ ಒಂದುಗೂಡಿಸಿ ಸಿಪಿಎ ಮಾಡಿದರು. ಯಾರಾದರೂ "ನಾನು ಸಿಎಂಎ ಓದುತ್ತಿದ್ದೇನೆ" ಎಂದರೆ, ಯಾವ ಸಂಸ್ಥೆಯದು ಎಂದು ಕೇಳದೆ ನಾನು ಮುಂದಿನ ಮಾತನ್ನೇ ಆಡುವುದಿಲ್ಲ.

ಇನ್ನು ಅರ್ಹತೆ ಪಡೆಯುವ ದಾರಿ. ಎಲ್ಲ ಕಡೆಯೂ ಓದು, ಪರೀಕ್ಷೆ, ಕೆಲಸದ ಅನುಭವ, ನೀತಿಸಂಹಿತೆ ಇದ್ದೇ ಇವೆ. ಬೆರಕೆಯ ಪ್ರಮಾಣ ಮಾತ್ರ ಬೇರೆ.

ಭಾರತದ ಸಿಎ ದಾರಿಯಲ್ಲಿ ಫೌಂಡೇಶನ್‌ಗೆ ನಾಲ್ಕು ಪೇಪರ್, ಇಂಟರ್‌ಮೀಡಿಯೇಟ್‌ಗೆ ಆರು, ಫೈನಲ್‌ಗೆ ಆರು. ವಾಣಿಜ್ಯ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಅಂಕ ಇದ್ದವರು ಫೌಂಡೇಶನ್ ಬಿಟ್ಟು ನೇರವಾಗಿ ಇಂಟರ್‌ಗೆ ಸೇರಬಹುದು. ಇಂಟರ್‌ನ ಎರಡೂ ಗ್ರೂಪ್ (ಮೂರು ಮೂರು ಪೇಪರುಗಳ ಗುಂಪು) ಪಾಸಾದ ಮೇಲೆ ಹಿರಿಯ ಸಿಎ ಒಬ್ಬರ ಕೈಕೆಳಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್. ನನ್ನ ಕಾಲದಲ್ಲಿ ಅದು ಮೂರು ವರ್ಷವಿತ್ತು, ಹೊಸ ಪಠ್ಯಕ್ರಮದಲ್ಲಿ ಎರಡು ವರ್ಷ.

ಪಾಸಾಗುವ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ಪ್ರತಿ ಪೇಪರಿನಲ್ಲಿ ಕನಿಷ್ಠ 40, ಗ್ರೂಪಿನ ಒಟ್ಟು ಅಂಕಗಳಲ್ಲಿ ಶೇ. 50 ಬರಲೇಬೇಕು. ಮೂರು ಪೇಪರಿನಲ್ಲಿ 70, 68, 39 ಬಂದವರನ್ನು ನೆನೆಸಿಕೊಳ್ಳಿ. ಒಟ್ಟು 177, ಬೇಕಿದ್ದದ್ದು 150. ಆದರೂ ಆ ಒಂದೇ ಅಂಕಕ್ಕೆ ಗ್ರೂಪ್ ಹೋಯಿತು. 45, 45, 45 ಬಂದವರು ಯಾವ ಪೇಪರಿನಲ್ಲೂ ಸೋಲಲಿಲ್ಲ, ಆದರೂ 135ಕ್ಕೆ ನಿಂತು ಅವರ ಗ್ರೂಪೂ ಹೋಯಿತು. ಮೊದಲನೆಯವರಿಗೆ ಒಂದು ಸಮಾಧಾನ ಉಂಟು: 60 ದಾಟಿದ ಪೇಪರುಗಳನ್ನು ಮುಂದಿನ ಮೂರು ಪರೀಕ್ಷೆಗಳವರೆಗೆ ಮತ್ತೆ ಬರೆಯಬೇಕಿಲ್ಲ. ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಇಷ್ಟವಾದ ವಿಷಯವನ್ನೇ ಹತ್ತು ಸಲ ಓದಿ, ಕಷ್ಟದ ವಿಷಯವನ್ನು ಕೊನೆಗೆ ತಳ್ಳುವವರನ್ನು ಈ ಪದ್ಧತಿ ಬಿಡುವುದಿಲ್ಲ. ಸೋತವರು ದಡ್ಡರಾಗಿರುವುದು ಅಪರೂಪ. ಹೆಚ್ಚಿನವರು ಸಮಯ ಹಂಚುವಲ್ಲಿ ತಪ್ಪಿದವರು.

ಅಮೆರಿಕದ ಸಿಪಿಎ ಪರೀಕ್ಷೆಗೆ ಈ ಒಟ್ಟು ಲೆಕ್ಕದ ಕಾಟವಿಲ್ಲ. 2024ರಿಂದ ಅದರಲ್ಲಿ ಆಡಿಟ್, ಹಣಕಾಸು ವರದಿ, ತೆರಿಗೆ ಮತ್ತು ಕಾನೂನು ಎಂಬ ಮೂರು ಕಡ್ಡಾಯ ವಿಭಾಗಗಳಿವೆ, ನಾಲ್ಕನೆಯದನ್ನು ಮೂರು ಆಯ್ಕೆಗಳಲ್ಲಿ ಒಂದನ್ನಾಗಿ ಆರಿಸಿಕೊಳ್ಳಬೇಕು. ನಾಲ್ಕು ಗಂಟೆಯ ಒಂದೊಂದು ವಿಭಾಗವನ್ನೂ ಬೇರೆ ಬೇರೆಯಾಗಿ 75ಕ್ಕೆ ಪಾಸು ಮಾಡಬೇಕು. ಈ 75 ಶೇಕಡಾ ಲೆಕ್ಕವಲ್ಲ, ಪ್ರಶ್ನೆಗಳ ಕಠಿಣತೆಗೆ ತಕ್ಕಂತೆ ಹೊಂದಿಸಿದ ಅಂಕ. ಇಲ್ಲಿ ಬೆನ್ನಟ್ಟುವುದು ಗಡುವು: ಮೊದಲ ವಿಭಾಗ ಪಾಸಾದ ಮೇಲೆ ಉಳಿದವನ್ನು ನಿಗದಿತ ಅವಧಿಯೊಳಗೆ ಮುಗಿಸದಿದ್ದರೆ ಮೊದಲನೆಯದೇ ಬಿದ್ದುಹೋಗುತ್ತದೆ. 18 ತಿಂಗಳಿದ್ದ ಆ ಅವಧಿಯನ್ನು ಬಹಳಷ್ಟು ರಾಜ್ಯಗಳು 30 ತಿಂಗಳಿಗೆ ಏರಿಸಿವೆ. ಪರವಾನಗಿಗೆ 150 ಕ್ರೆಡಿಟ್ ಗಂಟೆಗಳ (ಅಲ್ಲಿನ ಕಾಲೇಜು ಓದಿನ ಅಳತೆ) ವ್ಯಾಸಂಗ ಮತ್ತು ಒಂದು ವರ್ಷದ ಅನುಭವ ಎಂಬುದು ಹಳೆಯ ರೂಢಿ. ಪದವಿಯ ಜೊತೆಗೆ ಎರಡು ವರ್ಷದ ಅನುಭವ ಸಾಕು ಎಂದು ಹಲವು ರಾಜ್ಯಗಳು ಈಚೆಗೆ ಕಾನೂನು ತಿದ್ದಿವೆ. ಆದ್ದರಿಂದ ಮೊದಲು ರಾಜ್ಯ ಆರಿಸಿ, ಆಮೇಲೆ ಪುಸ್ತಕ ಕೊಳ್ಳಿ.

ಎಸಿಸಿಎ ಲಂಡನ್ನಿನಲ್ಲಿ 1904ರಲ್ಲಿ ಹುಟ್ಟಿದ ಸಂಸ್ಥೆ. 13 ಪೇಪರ್, ಪ್ರತಿಯೊಂದಕ್ಕೂ 50 ಅಂಕ, ನೀತಿಶಿಕ್ಷಣದ ಒಂದು ಪಾಠ, 36 ತಿಂಗಳ ಅನುಭವ. ಹಿಂದಿನ ಓದನ್ನು ಪರಿಗಣಿಸಿ ಗರಿಷ್ಠ ಒಂಬತ್ತು ಪೇಪರುಗಳವರೆಗೆ ವಿನಾಯಿತಿ ಕೊಡುತ್ತಾರೆ, ಆದರೆ ಕೊನೆಯ ಹಂತದ ನಾಲ್ಕನ್ನು ಎಲ್ಲರೂ ಬರೆಯಲೇಬೇಕು. ವಿನಾಯಿತಿ ಸಿಕ್ಕಿತೆಂದು ಹಿಗ್ಗಬೇಡಿ. ಕೆಳಗಿನ ಹಂತದ ಹಣಕಾಸು ವರದಿಯ ಪೇಪರ್ ಓದದೆ ಮೇಲಿನ ಹಂತಕ್ಕೆ ಹಾರಿದವರು ಅಲ್ಲಿ ಮುಗ್ಗರಿಸುವುದನ್ನು ಬಹಳ ಸಲ ಕಂಡಿದ್ದೇನೆ. ಬರೆಯದಿದ್ದರೂ ಓದಿಕೊಳ್ಳಿ.

ಅಮೆರಿಕದ ಸಿಎಂಎಗೆ ಎರಡೇ ಭಾಗ, ತಲಾ 500ಕ್ಕೆ 360 ಬೇಕು, ಜೊತೆಗೆ ಪದವಿ ಮತ್ತು ಎರಡು ವರ್ಷದ ಅನುಭವ. ಒಳಲೆಕ್ಕಪರಿಶೋಧನೆಯಲ್ಲೇ ಇರಬೇಕೆಂದವರಿಗೆ ಸಿಐಎ (ಸರ್ಟಿಫೈಡ್ ಇಂಟರ್ನಲ್ ಆಡಿಟರ್) ಇದೆ. ಇವೆರಡೂ ಉದ್ಯೋಗದಲ್ಲಿದ್ದುಕೊಂಡೇ ಮಾಡಬಹುದಾದವು.

ಅನುಭವದ ವಿಚಾರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಮುಖ್ಯ, ಆದರೆ ಯಾರೂ ಇದರ ಬಗ್ಗೆ ಕೇಳುವುದಿಲ್ಲ.

ಆರ್ಟಿಕಲ್‌ಶಿಪ್ಪಿನ ಎರಡನೆಯ ತಿಂಗಳಲ್ಲಿ ನನ್ನ ಮುಂದೆ ಒಂದು ಸಂಸ್ಥೆಯ ನಗದು ಪುಸ್ತಕ ಮತ್ತು ಬ್ಯಾಂಕಿನ ಪಟ್ಟಿ ಇಟ್ಟು ತಾಳೆ ನೋಡಲು ಹೇಳಿದರು. ಸಲ್ಲಿಸದ ಚೆಕ್ಕುಗಳನ್ನು ಕಳೆದು, ಬ್ಯಾಂಕಿನ ಶುಲ್ಕ ಸೇರಿಸಿ, ಎಲ್ಲ ಮಾಡಿದರೂ 180 ವ್ಯತ್ಯಾಸ ಉಳಿಯಿತು. ಒಂದೂವರೆ ದಿನ ಹುಡುಕಿದೆ. 180ರ ಒಂದು ನಮೂದೂ ಎಲ್ಲೂ ಇರಲಿಲ್ಲ. ನನ್ನ ಪ್ರಿನ್ಸಿಪಲ್, ಅಂದರೆ ನನಗೆ ತರಬೇತಿ ಕೊಡುತ್ತಿದ್ದ ಹಿರಿಯ ಸಿಎ, ಹಾದುಹೋಗುವಾಗ ಹಾಳೆ ನೋಡಿ, "ಒಂಬತ್ತರಿಂದ ಭಾಗಿಸಿ ನೋಡಮ್ಮಾ" ಎಂದರು. ಶೇಷವಿಲ್ಲದೆ ಹೋಯಿತು. ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 180 ಎಂದರೆ 90ರ ಎರಡು ಪಟ್ಟು, ಅಂದರೆ ನೂರರ ಮತ್ತು ಹತ್ತರ ಸ್ಥಾನದಲ್ಲಿ, ಎರಡರ ಅಂತರವಿರುವ ಅಂಕಿಗಳು. ಹತ್ತು ನಿಮಿಷದಲ್ಲಿ ಸಿಕ್ಕಿತು: ಬ್ಯಾಂಕಿನಲ್ಲಿ 5,640, ಪುಸ್ತಕದಲ್ಲಿ 5,460.

ತಪ್ಪು ಸಿಕ್ಕ ಖುಷಿಯಲ್ಲಿ ಪುಸ್ತಕ ಮುಚ್ಚಿದೆ. ಅವರು ಮತ್ತೆ ತೆರೆಸಿದರು. "ಬಿಲ್ಲಿನಲ್ಲಿ ಎಷ್ಟಿದೆ?" ಹೋಗಿ ವೋಚರ್ ತೆಗೆದೆ. ಬಿಲ್ಲಿನಲ್ಲಿ 5,460 ಇತ್ತು. ಅಂದರೆ ಪುಸ್ತಕ ಸರಿ, ಚೆಕ್ಕೇ ತಪ್ಪು. 180 ಹೆಚ್ಚಾಗಿ ಸಂದಾಯವಾಗಿದೆ. "ಹಾಗಾದರೆ ಆ 180 ಈಗ ಯಾರ ಹತ್ತಿರ ಇದೆ? ಅವರು ಹಿಂದಿರುಗಿಸಿದರೇ? ಆ ಚೆಕ್ಕಿಗೆ ಸಹಿ ಹಾಕಿದವರು ಬಿಲ್ ನೋಡಿದ್ದರೇ?" ಒಂದರ ಮೇಲೊಂದು ಪ್ರಶ್ನೆ. ಪೂರೈಕೆದಾರರು ಮುಂದಿನ ಬಿಲ್ಲಿನಲ್ಲಿ ಅದನ್ನು ಕಡಿತ ಮಾಡಿದ್ದರು ಎಂಬುದು ಕೊನೆಗೆ ತಿಳಿಯಿತು. ಸಣ್ಣ ಮೊತ್ತ, ಯಾರ ದುರುದ್ದೇಶವೂ ಇರಲಿಲ್ಲ. ಆದರೆ ವ್ಯತ್ಯಾಸ ಸಿಕ್ಕಿದ ಕೂಡಲೇ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ ಎಂದು ನನಗೆ ಆ ಮಧ್ಯಾಹ್ನ ಅರ್ಥವಾಯಿತು. ನನ್ನ ಪಠ್ಯಪುಸ್ತಕ ಬ್ಯಾಂಕ್ ತಾಳೆಪಟ್ಟಿಯನ್ನು ಹೊಂದಿಸಲು ಮಾತ್ರ ಕಲಿಸಿತ್ತು.

ಆದ್ದರಿಂದ ತರಬೇತಿಯ ಜಾಗ ಆರಿಸುವಾಗ ದೊಡ್ಡ ಹೆಸರಿಗಿಂತ, ನಿಮ್ಮ ಹಾಳೆಯನ್ನು ಎತ್ತಿ ನೋಡುವ ಒಬ್ಬ ಹಿರಿಯರು ಅಲ್ಲಿದ್ದಾರೆಯೇ ಎಂದು ವಿಚಾರಿಸಿ. ತರಬೇತಿ ಯಾವಾಗ ನಡೆಯಬೇಕು ಎಂಬುದರಲ್ಲೂ ವ್ಯತ್ಯಾಸವಿದೆ. ಭಾರತದ ಸಿಎಯಲ್ಲಿ ಅದು ಇಂಟರ್ ಆದ ಮೇಲೆ, ನೋಂದಾಯಿತ ಸದಸ್ಯರ ಕೈಕೆಳಗೆ, ಪೂರ್ಣಾವಧಿ. ಎಸಿಸಿಎಯಲ್ಲಿ ಪರೀಕ್ಷೆಗೆ ಮೊದಲು, ನಡುವೆ, ನಂತರ ಯಾವಾಗ ಬೇಕಾದರೂ ಆಗಬಹುದು. ಅಮೆರಿಕದ ಸಿಎಂಎಯಲ್ಲಿ ಪಾಸಾದ ಏಳು ವರ್ಷದೊಳಗೆ ಮುಗಿಸಿದರೂ ನಡೆಯುತ್ತದೆ. ಸಂಸಾರದ ಜವಾಬ್ದಾರಿ ಹೊತ್ತು ಈಗಾಗಲೇ ಲೆಕ್ಕ ವಿಭಾಗದಲ್ಲಿ ದುಡಿಯುತ್ತಿರುವವರಿಗೆ ನಾನು ಎಸಿಸಿಎ ಅಥವಾ ಸಿಎಂಎ ಕಡೆ ಕೈ ತೋರಿಸುವುದು ಈ ಕಾರಣಕ್ಕೆ. ನಿಮ್ಮ ಹತ್ತು ವರ್ಷದ ಕೆಲಸ ಅಲ್ಲಿ ಲೆಕ್ಕಕ್ಕೆ ಬರುವ ಸಾಧ್ಯತೆ ಇದೆ.

"ನನಗೆ ವಯಸ್ಸಾಯಿತಲ್ಲ?" ಎಂದು ಅವರೇ ಮರುಕ್ಷಣ ಕೇಳುತ್ತಾರೆ. ಅವರಿಗೆ ಮೇರಿ ಹ್ಯಾರಿಸ್ ಸ್ಮಿತ್ ಅವರ ಬಗ್ಗೆ ಹೇಳುತ್ತೇನೆ. ಲಂಡನ್ನಿನಲ್ಲಿ ಸ್ವಂತ ಕಚೇರಿ ನಡೆಸುತ್ತಿದ್ದ ಅವರು ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಗೆ 1891ರಲ್ಲಿ ಅರ್ಜಿ ಹಾಕಿದರು. ಹೆಂಗಸು ಎಂಬ ಕಾರಣಕ್ಕೆ ತಿರಸ್ಕರಿಸಿದರು. ಅವರು ಕೆಲಸ ಬಿಡಲಿಲ್ಲ, ಕೇಳುವುದನ್ನೂ ಬಿಡಲಿಲ್ಲ. 1919ರ ಕಾನೂನು ಆ ಅಡ್ಡಿಯನ್ನು ತೆಗೆದುಹಾಕಿತು. 1920ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಜಗತ್ತಿನ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್ ಆದರು.

ನೋಂದಣಿ ಶುಲ್ಕ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಸಂಸ್ಥೆಯ ಅಧಿಕೃತ ಜಾಲತಾಣಕ್ಕೆ ಹೋಗಿ ಈ ವರ್ಷದ ನಿಯಮಗಳನ್ನು ನೀವೇ ಓದಿ, ಏಕೆಂದರೆ ಪಠ್ಯಕ್ರಮ ಬದಲಾಗುತ್ತಲೇ ಇರುತ್ತದೆ. ತರಬೇತಿ ಕೇಂದ್ರದವರ ಮಾತನ್ನು ಆಮೇಲೆ ಕೇಳಿದರೆ ಸಾಕು. ಅಲ್ಲಿಂದಲೇ ಕೊನೆಯ ಹಂತದ ಒಂದು ಮಾದರಿ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಮೊಬೈಲ್ ದೂರವಿಟ್ಟು, ಮೂರು ಗಂಟೆ ಅದರ ಮುಂದೆ ಕುಳಿತುಕೊಳ್ಳಿ. ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮೂರು ಗಂಟೆಯ ಕೊನೆಗೆ ಯಾವುದಾದರೂ ಒಂದು ಪ್ರಶ್ನೆಯ ಉತ್ತರ ಏನಿರಬಹುದೆಂದು ತಿಳಿಯುವ ಕುತೂಹಲ ಉಳಿದಿದ್ದರೆ ನನಗೆ ಬರೆಯಿರಿ. ಆಗ ಯಾವ ದೇಶ, ಯಾವ ಸಹಿ ಎಂಬ ಮಾತನ್ನು ಮುಂದುವರಿಸೋಣ.